ಸಾವಿರದಲ್ಲಿ ಮೂರು ಪಾಲು ಡಿಗ್ರಿ: ಹಾವಿನ ಶಾಖಗುಳಿಯೂ ನಮ್ಮ ಥರ್ಮಲ್ ಕ್ಯಾಮೆರಾವೂ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.)

ಗುಳಿ ಮಂಡಲ ಹಾವುಗಳ ಬಗ್ಗೆ ಯಾವ ಲೇಖನ ತೆಗೆದರೂ ಒಂದು ಸಂಖ್ಯೆ ಸಿಗುತ್ತದೆ: 0.003 ಡಿಗ್ರಿ ಸೆಲ್ಸಿಯಸ್. ಅಷ್ಟು ಸಣ್ಣ ವ್ಯತ್ಯಾಸವೂ ಹಾವಿಗೆ ಗೊತ್ತಾಗುತ್ತದೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಆದರೆ ಅದು ಯಾವುದರ ಉಷ್ಣಾಂಶ? ಇಲಿಯ ಮೈಯದೋ, ನಡುವಿನ ಗಾಳಿಯದೋ, ಹಾವಿನ ಅಂಗದೊಳಗಿನ ಪೊರೆಯದೋ? ಎಷ್ಟು ಹೊತ್ತಿನಲ್ಲಿ ಆದ ಬದಲಾವಣೆ? ಇಷ್ಟು ಹೇಳದಿದ್ದರೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಥರ್ಮಲ್ ಕ್ಯಾಮೆರಾದ ಪರದೆಯಲ್ಲಿ ಕಾಣುವ 36.4 ಎಂಬ ಅಂಕಿಗೂ ಇದೇ ಮಾತು ಅನ್ವಯಿಸುತ್ತದೆ. ಹಾವೂ ಕ್ಯಾಮೆರಾವೂ ಉಷ್ಣಾಂಶವನ್ನು ನೇರವಾಗಿ ಅಳೆಯುವುದೇ ಇಲ್ಲ. ಎರಡೂ ಅಳೆಯುವುದು ಬಂದು ಬೀಳುವ ವಿಕಿರಣದ ಹೆಚ್ಚುಕಡಿಮೆಯನ್ನು. ಅದನ್ನು ಡಿಗ್ರಿಗೆ ಪರಿವರ್ತಿಸುವವರು ನಾವು, ತಪ್ಪು ನುಸುಳುವುದೂ ಅಲ್ಲೇ.

ಮೊದಲು ಅಂಗದ ಪರಿಚಯ ಮಾಡಿಕೊಳ್ಳೋಣ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ತಲೆಯ ಎರಡೂ ಬದಿಗೆ ಒಂದೊಂದು ಗುಳಿ ಇರುವ ಮಂಡಲ ಹಾವುಗಳಿವು. ಅಮೆರಿಕದ ಗಿಲಕಿ ಹಾವು, ಅಂದರೆ ರ‍್ಯಾಟಲ್‌ಸ್ನೇಕ್, ಇದೇ ಗುಂಪಿನದು. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಗುಳಿ ಮಂಡಲ, ಬಿದಿರು ಮಂಡಲ, ಗೂನು ಮೂಗಿನ ಗುಳಿ ಮಂಡಲಗಳೂ ಇದೇ ಗುಂಪಿನವು. ಕೊಳಕುಮಂಡಲಕ್ಕೆ, ಗರಗಸ ಮಂಡಲಕ್ಕೆ ಗುಳಿ ಇಲ್ಲ, ನಾಗರಹಾವಿಗೂ ಕಟ್ಟು ಹಾವಿಗೂ ಇಲ್ಲ. ನಮ್ಮಲ್ಲಿ ಹೆಚ್ಚು ಸಾವಿಗೆ ಕಾರಣವಾಗುವ ಈ ನಾಲ್ಕೂ ಹಾವುಗಳು ಶಾಖಗುಳಿ ಇಲ್ಲದವೇ. ಹೆಬ್ಬಾವಿಗೆ ಗುಳಿಗಳಿವೆ, ಆದರೆ ಅವು ತುಟಿಯಂಚಿನ ಹುರುಪೆಗಳಲ್ಲಿ ಸಾಲಾಗಿರುತ್ತವೆ. ಅವುಗಳ ರಚನೆಯೂ ಬೇರೆ, ಹುಟ್ಟಿಬಂದ ದಾರಿಯೂ ಬೇರೆ.

ಗಿಲಕಿ ಹಾವಿನ ಗುಳಿಯೊಳಗೆ ಸುಮಾರು 15 ಮೈಕ್ರೋಮೀಟರ್ ದಪ್ಪದ ಒಂದು ಪೊರೆ ಅಡ್ಡಲಾಗಿ ಚಾಚಿಕೊಂಡಿದೆ. ಪೊರೆಯ ಮುಂದೆ ಹೊರಕ್ಕೆ ತೆರೆದ ಕೋಣೆ, ಹಿಂದೆ ಗಾಳಿ ತುಂಬಿದ ಇನ್ನೊಂದು ಕೋಣೆ. ಹಿಂದಿನ ಕೋಣೆಯಿಂದ ಒಂದು ಸಣ್ಣ ನಾಳ ಕಣ್ಣಿನ ಮುಂದೆ ಹೊರಕ್ಕೆ ತೆರೆದುಕೊಳ್ಳುವುದರಿಂದ ಎರಡೂ ಬದಿಯ ಗಾಳಿಯ ಒತ್ತಡ ಸಮವಾಗಿರುತ್ತದೆ. ಪೊರೆ ಯಾವ ಮಾಂಸಕ್ಕೂ ಅಂಟಿಕೊಂಡಿಲ್ಲ ಎನ್ನುವುದೇ ಮುಖ್ಯ. ಅಂಟಿಕೊಂಡಿದ್ದರೆ ಬಿದ್ದ ಶಾಖವೆಲ್ಲ ತಲೆಯ ಮಾಂಸಕ್ಕೆ ಹರಿದುಹೋಗಿ ಪೊರೆ ಬಿಸಿಯಾಗುತ್ತಲೇ ಇರಲಿಲ್ಲ. ಹೆಬ್ಬಾವಿನಲ್ಲಿ ಆಗಿರುವುದು ಹಾಗೆಯೇ: ಅಲ್ಲಿ ನರದ ತುದಿಗಳು ಗುಳಿಯ ತಳದಲ್ಲೇ ಇವೆ, ತೂಗುವ ಪೊರೆ ಇಲ್ಲ. ಅದರ ಸೂಕ್ಷ್ಮತೆ ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಅಳೆದಿದ್ದಾರೆ, ಆ ಅಂಕಿಗೆ ಬರುತ್ತೇನೆ.

ಪೊರೆಯ ತುಂಬ ಮುಖದ ತ್ರಿಮುಖ ನರದ ಕವಲುಗಳು ಹರಡಿವೆ, ಅವುಗಳ ತುದಿಗಳಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕಿಕ್ಕಿರಿದಿವೆ. ಜೊತೆಗೆ ರಕ್ತನಾಳಗಳ ದಟ್ಟ ಬಲೆಯೂ ಇದೆ. ಈ ಬಲೆಯ ಕೆಲಸ ಆಹಾರ, ಆಮ್ಲಜನಕ ಒದಗಿಸುವುದಕ್ಕೆ ಮುಗಿಯುವುದಿಲ್ಲ. ಬಿಸಿಯಾದ ಜಾಗದಿಂದ ರಕ್ತ ಶಾಖವನ್ನು ಹೊತ್ತೊಯ್ದು ಪೊರೆಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಇಲ್ಲದಿದ್ದರೆ ಇಲಿ ಸರಿದುಹೋದ ಮೇಲೂ ಅದರ ಬಿಸಿಗುರುತು ಪೊರೆಯ ಮೇಲೆ ಉಳಿದು, ಹಾವು ಇಲಿ ಇಲ್ಲದ ಕಡೆಗೆ ಹೊಡೆಯಬೇಕಾಗುತ್ತಿತ್ತು.

ನರದ ತುದಿ ಶಾಖವನ್ನು ಗುರುತಿಸುವ ಬಗೆ 2010ರಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಪ್ರಯೋಗಾಲಯದಲ್ಲಿ ಎಲೆನಾ ಗ್ರಾಚೆವಾ ಮತ್ತು ಸಂಗಡಿಗರು ಈ ನರಗಳಲ್ಲಿ ಟಿಆರ್‌ಪಿಎ1 ಎಂಬ ಅಯಾನು ಕಾಲುವೆ, ಅಂದರೆ ಜೀವಕೋಶದ ಗೋಡೆಯಲ್ಲಿ ಬಾಗಿಲಿನಂತೆ ತೆರೆದು ಮುಚ್ಚುವ ಪ್ರೋಟೀನು, ವಿಪರೀತ ಪ್ರಮಾಣದಲ್ಲಿರುವುದನ್ನು ಕಂಡರು. ನಮ್ಮ ಮೈಯಲ್ಲಿ ಸಾಸಿವೆಯ ಘಾಟಿಗೆ ತೆರೆದುಕೊಳ್ಳುವ ಪ್ರೋಟೀನು ಇದೇ. ಗಿಲಕಿ ಹಾವಿನಲ್ಲಿ ಅದು ಸುಮಾರು 28 ಡಿಗ್ರಿಗೆ ತೆರೆದುಕೊಳ್ಳುತ್ತದೆ, ಹೆಬ್ಬಾವಿನ ಜಾತಿಯಲ್ಲಿ ಸುಮಾರು 33ಕ್ಕೆ. ಅಂದರೆ ಇದು ಕಣ್ಣಿನ ಕೆಲಸವಲ್ಲ. ಬೆಳಕಿನ ಕಣವನ್ನು ಹೀರುವ ವರ್ಣದ್ರವ್ಯ ಇಲ್ಲಿಲ್ಲ. ವಿಕಿರಣ ಪೊರೆಯನ್ನು ಬಿಸಿ ಮಾಡುತ್ತದೆ, ಆ ಬಿಸಿಗೆ ಕಾಲುವೆ ತೆರೆಯುತ್ತದೆ, ಅಷ್ಟೆ. ಸ್ಪರ್ಶ ಮತ್ತು ಉಷ್ಣ ಸಂವೇದನೆಯ ಸಂಶೋಧನೆಗಾಗಿ ಜೂಲಿಯಸ್ 2021ರ ನೊಬೆಲ್ ಬಹುಮಾನವನ್ನು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು. ಹಾವಿನ ಕೆಲಸ ಆ ದೊಡ್ಡ ಕಥೆಯ ಒಂದು ಅಧ್ಯಾಯ. ಒಂದು ಎಚ್ಚರಿಕೆ: ಆ 28 ಡಿಗ್ರಿ ಕಾಲುವೆಯನ್ನು ಪ್ರತ್ಯೇಕವಾಗಿ ಜೀವಕೋಶಗಳಲ್ಲಿಟ್ಟು ಅಳೆದ ಅಂಕಿ. ಅದಕ್ಕಿಂತ ತಂಪಾದ ರಾತ್ರಿಗಳಲ್ಲೂ ಗಿಲಕಿ ಹಾವು ಬೇಟೆಯಾಡುತ್ತದೆ. ಕಾಲುವೆಯ ಹೊಸ್ತಿಲನ್ನು, ಅಂದರೆ ಅದು ಸ್ಪಂದಿಸತೊಡಗುವ ಕನಿಷ್ಠ ಮಿತಿಯನ್ನು, ಹಾವಿನ ಹೊಸ್ತಿಲು ಎಂದುಕೊಳ್ಳಬಾರದು.

ಈಗ ಪ್ರಯೋಗಗಳಿಗೆ ಬರೋಣ. ಗುಳಿಯ ಕೆಲಸ ಶಾಖ ಗುರುತಿಸುವುದು ಎಂದು ತೋರಿಸಿದ ಪ್ರಯೋಗಗಳಲ್ಲಿ 1937ರ ನೋಬಲ್ ಮತ್ತು ಶ್ಮಿಟ್ ಅವರದು ಮುಖ್ಯವಾದುದು. ಬಟ್ಟೆ ಸುತ್ತಿದ ವಿದ್ಯುತ್ ಬಲ್ಬುಗಳು, ಬಿಸಿಯದೊಂದು, ತಣ್ಣಗಿನದೊಂದು. ಹಾವಿನ ಕಣ್ಣು ಮುಚ್ಚಿದ್ದರೂ ಅದು ಬಿಸಿ ಬಲ್ಬಿಗೇ ಹೊಡೆಯುತ್ತಿತ್ತು. ಇಂಥ ಪ್ರಯೋಗ ಕೇಳಲು ಸುಲಭ, ಮಾಡುವಾಗ ಹತ್ತು ಕಡೆ ಕೈಕೊಡುತ್ತದೆ. ಬಿಸಿ ವಸ್ತುವಿನಿಂದ ಗಾಳಿ ಮೇಲಕ್ಕೇಳುತ್ತದೆ, ಆ ಗಾಳಿ ಹಾವಿನ ಮೂತಿಗೆ ತಗುಲಿದರೆ ಹಾವು ವಿಕಿರಣಕ್ಕೆ ಸ್ಪಂದಿಸಿತೋ ಗಾಳಿಗೋ ತಿಳಿಯದು. ಬಿಸಿಯಾದ ಬಟ್ಟೆ, ಬಣ್ಣ, ರಬ್ಬರು ವಾಸನೆ ಬಿಡುತ್ತವೆ. ಬಲ್ಬನ್ನು ಹತ್ತಿರ ತರುವ ಕೈ ಅಲುಗಾಡುತ್ತದೆ, ನೆಲ ಕಂಪಿಸುತ್ತದೆ. ಆದ್ದರಿಂದ ಬಿಸಿ ವಸ್ತುವನ್ನು ಮೊದಲೇ ಜಾಗದಲ್ಲಿಟ್ಟು, ಮುಂದೆ ಒಂದು ತಡೆಹಲಗೆ ಇಟ್ಟು, ಸದ್ದಿಲ್ಲದೆ ಅದನ್ನು ಸರಿಸಬೇಕು. ತಡೆಹಲಗೆಯ ಉಷ್ಣಾಂಶ ಹಿನ್ನೆಲೆಯ ಗೋಡೆಯದೇ ಆಗಿರಬೇಕು. ಇಲ್ಲವಾದರೆ ಹಲಗೆ ಸರಿದದ್ದೇ ಹಾವಿಗೆ ಒಂದು ಸೂಚನೆಯಾಗುತ್ತದೆ. ಗಾಳಿಯೋ ವಿಕಿರಣವೋ ಎಂಬ ಅನುಮಾನವಿದ್ದರೆ ನಡುವೆ ತೆಳುವಾದ ಪಾಲಿಥೀನ್ ಹಾಳೆ ಹಿಡಿದು ನೋಡಬೇಕು. ಅದು ಗಾಳಿಯನ್ನು ತಡೆದು ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣವನ್ನು, ಬಹುಪಾಲು ಬಿಡುತ್ತದೆ. ಕಿಟಕಿಯ ಗಾಜು ಅದರ ತದ್ವಿರುದ್ಧ: ಬೆಳಕನ್ನು ಬಿಡುತ್ತದೆ, ದೇಹದ ಶಾಖದ ಕಿರಣವನ್ನು ತಡೆಯುತ್ತದೆ. ಪಾಲಿಥೀನ್ ಹಿಂದಿನ ಬಿಸಿ ವಸ್ತುವಿಗೆ ಹಾವು ಸ್ಪಂದಿಸಿ, ಗಾಜಿನ ಹಿಂದಿನದಕ್ಕೆ ಸ್ಪಂದಿಸದಿದ್ದರೆ ಅನುಮಾನ ಬಗೆಹರಿದಂತೆ.

1952ರಲ್ಲಿ ಥಿಯೋಡರ್ ಬುಲಕ್ ಮತ್ತು ರೇಮಂಡ್ ಕೋಲ್ಸ್ ಗುಳಿಯ ನರಕ್ಕೇ ವಿದ್ಯುದಗ್ರ ಇಟ್ಟು ಸಂಕೇತ ದಾಖಲಿಸಿದರು. ಅವರು ಕಂಡದ್ದರಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಎದುರಿಗೆ ಏನೂ ಇಲ್ಲದಿದ್ದಾಗಲೂ ನರ ಮಿಡಿಯುತ್ತಲೇ ಇರುತ್ತದೆ. ಬಿಸಿ ವಸ್ತು ಬಂದರೆ ಮಿಡಿತ ಹೆಚ್ಚುತ್ತದೆ, ತಣ್ಣಗಿನ ವಸ್ತು ಬಂದರೆ ಇಳಿಯುತ್ತದೆ. ಅಂದರೆ ಹಾವಿಗೆ ಬೇಕಾದ್ದು ಹಿನ್ನೆಲೆಗಿಂತ ಬೇರೆಯಾದ ಒಂದು ಮಚ್ಚೆ. ಸುತ್ತಲಿಗಿಂತ ತಣ್ಣಗಿರುವ ಒದ್ದೆ ಕಪ್ಪೆಯೂ, ತತ್ವತಃ, ಒಂದು ಮಚ್ಚೆಯೇ. ಆಮೇಲೆ 1956ರಲ್ಲಿ ಬುಲಕ್ ಮತ್ತು ಡೀಕೆ ನಡೆಸಿದ ಕೆಲಸದಿಂದ 0.003 ಡಿಗ್ರಿ ಪ್ರಚಾರಕ್ಕೆ ಬಂತು. ಅದು ಪೊರೆಯ ಉಷ್ಣಾಂಶದಲ್ಲಿ ಆಗುವ ಏರಿಕೆ. ಇಲಿಯ ಮೈಗೂ ಹಿನ್ನೆಲೆಗೂ ಇರುವ ವ್ಯತ್ಯಾಸವಲ್ಲ. ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಎರಡನ್ನು ಬೆರೆಸುವುದರಿಂದ.

ನರ ಸ್ಪಂದಿಸಿದ ಮಾತ್ರಕ್ಕೆ ಹಾವು ಅದನ್ನು ಬಳಸಿತು ಎನ್ನಲಾಗದು. ವರ್ತನೆಯ ಹೊಸ್ತಿಲನ್ನು ಬೇರೆಯಾಗಿ ಅಳೆಯಬೇಕು. 2006ರಲ್ಲಿ ಎಬರ್ಟ್ ಮತ್ತು ವೆಸ್ಟ್‌ಹಾಫ್ ಗಿಲಕಿ ಹಾವಿನಲ್ಲಿ ಇದನ್ನು ಮಾಡಿದರು. ಇಲಿಯನ್ನು ಹೋಲುವ ಬಿಸಿ ಗುರಿಯನ್ನು ಹಾವು 100 ಸೆಂಟಿಮೀಟರ್ ದೂರದವರೆಗೂ ಗುರುತಿಸಿತು. ಆ ದೂರದಲ್ಲಿ ಹಾವಿನ ಮೂತಿಗೆ ಬೀಳುವ ಹೆಚ್ಚುವರಿ ವಿಕಿರಣ ಪ್ರತಿ ಚದರ ಸೆಂಟಿಮೀಟರಿಗೆ 3.35 ಮೈಕ್ರೋವಾಟ್. ಮರುವರ್ಷ ಬಾಲ್ ಪೈಥಾನ್ ಎಂಬ ಆಫ್ರಿಕದ ಹೆಬ್ಬಾವಿನ ಮೇಲೆ ಇಂಥದೇ ಪ್ರಯೋಗ ನಡೆದಾಗ ಹೊಸ್ತಿಲು 17.3 ಮೈಕ್ರೋವಾಟ್, ದೂರ 30 ಸೆಂಟಿಮೀಟರ್. ತೂಗುವ ಪೊರೆ ಇರುವುದಕ್ಕೂ ಇಲ್ಲದಿರುವುದಕ್ಕೂ ಸುಮಾರು ಐದು ಪಟ್ಟು ಅಂತರ.

ಈ ಮೈಕ್ರೋವಾಟ್ ಅಂಕಿ ನಂಬಬಹುದಾದದ್ದೇ? ಲೆಕ್ಕ ಹಾಕಿಯೇ ನೋಡೋಣ. ಕಾಗದದಲ್ಲಿ ಹತ್ತು ನಿಮಿಷದ ಕೆಲಸ.

ವಸ್ತು ಹೊರಸೂಸುವ ವಿಕಿರಣ ಅದರ ನಿರಪೇಕ್ಷ ಉಷ್ಣಾಂಶದ ನಾಲ್ಕನೇ ಘಾತಕ್ಕೆ ಅನುಗುಣ. ಗುರಿ 37 ಡಿಗ್ರಿ, ಅಂದರೆ 310 ಕೆಲ್ವಿನ್. ಹಿನ್ನೆಲೆ 25 ಡಿಗ್ರಿ, ಅಂದರೆ 298 ಕೆಲ್ವಿನ್. ಎರಡರ ನಾಲ್ಕನೇ ಘಾತಗಳ ವ್ಯತ್ಯಾಸವನ್ನು ಸ್ಟೆಫಾನ್ ಸ್ಥಿರಾಂಕದಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ 76 ವಾಟ್ ಬರುತ್ತದೆ. ಗುರಿಯ ಹಾವಿನ ಕಡೆಗಿನ ಮೈ 20 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಬೀಳುವ ಪ್ರಮಾಣಕ್ಕೆ 76ನ್ನು ಈ ವಿಸ್ತೀರ್ಣದಿಂದ ಗುಣಿಸಿ, ಪೈ ಮತ್ತು ದೂರದ ವರ್ಗದಿಂದ ಭಾಗಿಸಬೇಕು. ಉತ್ತರ ಚದರ ಸೆಂಟಿಮೀಟರಿಗೆ ಸುಮಾರು 4.9 ಮೈಕ್ರೋವಾಟ್. ಹಾವಿನ ಹೊಸ್ತಿಲು 3.35. ಎರಡೂ ಒಂದೇ ಅಳತೆಯ ಆಸುಪಾಸಿನಲ್ಲಿವೆ. ಪ್ರಯೋಗದ ಅಂಕಿಗೂ ಭೌತಶಾಸ್ತ್ರಕ್ಕೂ ಜಗಳವಿಲ್ಲ.

ಇದೇ ಲೆಕ್ಕದಲ್ಲಿ ಹಿನ್ನೆಲೆಯನ್ನು 34 ಡಿಗ್ರಿಗೆ ಏರಿಸಿ. ವ್ಯತ್ಯಾಸ 76ರಿಂದ 20 ವಾಟ್‌ಗೆ ಕುಸಿಯುತ್ತದೆ. ಒಂದು ಮೀಟರಿನಲ್ಲಿ 1.3 ಮೈಕ್ರೋವಾಟ್ ಮಾತ್ರ, ಅಂದರೆ ಹೊಸ್ತಿಲಿಗಿಂತ ಕೆಳಗೆ. ಅದೇ ಹಾವು ಅದೇ ಇಲಿಯನ್ನು ಗುರುತಿಸಬೇಕಾದರೆ ಸುಮಾರು 60 ಸೆಂಟಿಮೀಟರಿಗೆ ಬರಬೇಕು. ಇಲಿಯ ಮೈ 37 ಇದ್ದರೂ ಕೂದಲಿನ ಹೊರಮೈ 33ರ ಆಸುಪಾಸು ಇರಬಹುದು. ಅದನ್ನೂ ಸೇರಿಸಿದರೆ ದೂರ ಇನ್ನೂ ಕಡಿಮೆಯಾಗುತ್ತದೆ, ಹಿನ್ನೆಲೆ 34 ಇದ್ದರಂತೂ ಇಲಿ ಹಿನ್ನೆಲೆಗಿಂತ ತಣ್ಣಗಿನ ಮಚ್ಚೆಯಾಗುತ್ತದೆ! ಆದ್ದರಿಂದ "ಹಾವು ಎಷ್ಟು ದೂರದಿಂದ ಶಾಖ ಗುರುತಿಸುತ್ತದೆ" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹಿನ್ನೆಲೆ ಎಷ್ಟು, ಗುರಿಯ ಗಾತ್ರ ಎಷ್ಟು ಎಂದು ಮರುಪ್ರಶ್ನೆ ಹಾಕಬೇಕು.

ಈಗ ಪೊರೆಯ ಕಡೆಗೆ ತಿರುಗೋಣ. 15 ಮೈಕ್ರೋಮೀಟರ್ ದಪ್ಪದ, ಬಹುಪಾಲು ನೀರೇ ಆದ ಪೊರೆಯ ಒಂದು ಚದರ ಮೀಟರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 60 ಜೂಲ್ ಬೇಕು. ಬೀಳುತ್ತಿರುವುದು ಪ್ರತಿ ಚದರ ಮೀಟರಿಗೆ 0.049 ವಾಟ್. ಪೂರ್ತಿ ಹೀರಿಕೊಂಡಿತು, ಚೂರೂ ಸೋರಲಿಲ್ಲ ಎಂದುಕೊಂಡರೂ ಸೆಕೆಂಡಿಗೆ 0.0008 ಡಿಗ್ರಿ ಏರಿಕೆ. ಅರ್ಧ ಸೆಕೆಂಡಿನಲ್ಲಿ 0.0004. ರಕ್ತ ಹೊತ್ತೊಯ್ಯುವ ಶಾಖ ಕಳೆದರೆ ಇನ್ನೂ ಕಡಿಮೆ. ಅಂದರೆ 0.003 ಡಿಗ್ರಿ ಎಂಬ ಪ್ರಸಿದ್ಧ ಅಂಕಿಯೂ ಒಂದು ಮೀಟರ್ ಎಂಬ ದೂರವೂ ಒಟ್ಟಿಗೆ ಕೂರುವುದಿಲ್ಲ. ಒಂದು ಮೀಟರಿನಿಂದ ಗುರುತಿಸುವ ಹಾವಿನ ಪೊರೆ 0.003ಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತಿರಬೇಕು. 2007ರಲ್ಲಿ ಬ್ಯಾಕನ್ ಮತ್ತು ಕ್ರೋಕ್ಮಲ್ ದೃಗ್ವಿಜ್ಞಾನವನ್ನೂ ಶಾಖ ಹರಿವನ್ನೂ ಸೇರಿಸಿ ವಿವರವಾಗಿ ಲೆಕ್ಕ ಮಾಡಿ ಬಂದು ನಿಂತದ್ದೂ ಅಲ್ಲಿಗೇ: ಪೊರೆ 0.001 ಡಿಗ್ರಿ ಅಥವಾ ಅದಕ್ಕೂ ಸಣ್ಣ ವ್ಯತ್ಯಾಸ ಗುರುತಿಸಬೇಕಾಗುತ್ತದೆ. ಅದನ್ನು ಥರ್ಮೋಕಪಲ್ ಎಂಬ ಉಷ್ಣಾಂಶ ಅಳೆಯುವ ತಂತಿ ಅಂಟಿಸಿ ನೇರವಾಗಿ ಅಳೆಯಬಾರದೇ ಎಂದು ಕೇಳಬಹುದು. ಅಷ್ಟು ತೆಳು ಪೊರೆಗೆ ತಂತಿ ತಾಗಿಸಿದರೆ ತಂತಿಯೇ ಶಾಖವನ್ನು ಹೊತ್ತೊಯ್ಯುತ್ತದೆ. ಅಳೆಯಹೊರಟದ್ದೇ ಬದಲಾಗಿಬಿಡುತ್ತದೆ.

ಚಿತ್ರ ಎಷ್ಟು ಸ್ಪಷ್ಟ? ಗುಳಿಗೆ ಮಸೂರವಿಲ್ಲ. ಹೆಂಚಿನ ಸಂದಿನಿಂದ ಬಿದ್ದ ಬಿಸಿಲು ನೆಲದ ಮೇಲೆ ದುಂಡು ಮಚ್ಚೆ ಮೂಡಿಸುವಂತೆ ಗುಳಿಯ ಬಾಯಿಯ ಮೂಲಕ ಬಂದ ಕಿರಣ ಪೊರೆಯ ಮೇಲೆ ಮಚ್ಚೆ ಮೂಡಿಸುತ್ತದೆ. ಬಾಯಿ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಒಳಬರುವ ಶಾಖ ಕಡಿಮೆ. ವ್ಯಾಸ ಅರ್ಧಕ್ಕಿಳಿದರೆ ಶಾಖ ಕಾಲುಭಾಗಕ್ಕಿಳಿಯುತ್ತದೆ. ಉದಾಹರಣೆಗೆ 1.5 ಮಿಲಿಮೀಟರ್ ಬಾಯಿ, 3 ಮಿಲಿಮೀಟರ್ ಹಿಂದೆ ಪೊರೆ ಎಂದರೆ ಒಂದು ಬಿಂದುವಿನ ಚಿತ್ರವೇ ಸುಮಾರು 27 ಡಿಗ್ರಿ ಕೋನಕ್ಕೆ ಹರಡುತ್ತದೆ. ಹಾವು ಆಯ್ದುಕೊಂಡದ್ದು ಸೂಕ್ಷ್ಮತೆಯನ್ನು, ಸ್ಪಷ್ಟತೆಯನ್ನಲ್ಲ. ಮಸುಕನ್ನು ತಿದ್ದುವ ಕೆಲಸ ನರಮಂಡಲದ್ದು. ಆ ತಿದ್ದುಪಡಿ ತಾತ್ವಿಕವಾಗಿ ಸಾಧ್ಯ ಎಂದು 2006ರಲ್ಲಿ ಮ್ಯೂನಿಕ್‌ನ ಸಿಶರ್ಟ್, ಫ್ರೀಡೆಲ್, ವಾನ್ ಹೆಮನ್ ಗಣಿತದಿಂದ ತೋರಿಸಿದರು. ಮಿದುಳಿನ ಟೆಕ್ಟಮ್ ಭಾಗದಲ್ಲಿ ಕಣ್ಣಿನ ನಕ್ಷೆಯೂ ಗುಳಿಯ ನಕ್ಷೆಯೂ ಒಂದರ ಮೇಲೊಂದು ಕೂತಿರುತ್ತವೆ ಎಂಬುದು ನ್ಯೂಮನ್ ಮತ್ತು ಹಾರ್ಟ್‌ಲೈನ್ ಅವರ ಕೆಲಸದಿಂದ ಮೊದಲೇ ಗೊತ್ತಿತ್ತು. ಹುಟ್ಟುಕುರುಡು ಗಿಲಕಿ ಹಾವೊಂದು ಇಲಿಗಳಿಗೆ ಸರಿಯಾಗಿಯೇ ಹೊಡೆಯುತ್ತಿದ್ದುದನ್ನು 1991ರಲ್ಲಿ ಕಾರ್ಡಾಂಗ್ ಮತ್ತು ಮೆಕೆಸಿ ದಾಖಲಿಸಿದ್ದಾರೆ.

ಬೇಟೆಯ ಕಡೆಯಿಂದಲೂ ಒಂದು ಸೊಗಸಾದ ಪ್ರಯೋಗವಿದೆ. ಕ್ಯಾಲಿಫೋರ್ನಿಯಾದ ನೆಲದ ಅಳಿಲು ಹಾವನ್ನು ಕಂಡರೆ ಬಾಲ ಬೀಸುತ್ತದೆ. ಎದುರಿಗಿರುವುದು ಗಿಲಕಿ ಹಾವಾದರೆ ಬಾಲಕ್ಕೆ ರಕ್ತ ಹರಿಸಿ ಬಿಸಿಯನ್ನೂ ಮಾಡುತ್ತದೆ. ಗುಳಿ ಇಲ್ಲದ ಗೋಫರ್ ಹಾವಾದರೆ ಬೀಸುತ್ತದೆ, ಬಿಸಿ ಮಾಡುವುದಿಲ್ಲ. 2007ರಲ್ಲಿ ರುಂಡಸ್ ಮತ್ತು ಸಂಗಡಿಗರು ಇಷ್ಟಕ್ಕೇ ನಿಲ್ಲಲಿಲ್ಲ. ಬಾಲವನ್ನು ಬಿಸಿ ಮಾಡಬಲ್ಲ ಯಂತ್ರದ ಅಳಿಲು ತಯಾರಿಸಿ ಗಿಲಕಿ ಹಾವಿನ ಮುಂದಿಟ್ಟರು. ಬಾಲ ಬಿಸಿಯಾಗಿದ್ದಾಗ ಹಾವು ಹೆಚ್ಚು ಹಿಂಜರಿಯಿತು. ಬೀಸಾಟ ಒಂದೇ, ಬದಲಾದದ್ದು ಶಾಖ ಮಾತ್ರ. ಕ್ಯಾಮೆರಾದಲ್ಲಿ ಬಾಲ ಕೆಂಪಾಗಿ ಕಂಡದ್ದರಿಂದ ಸಿಗದ ಸಾಕ್ಷ್ಯ ಆ ಯಂತ್ರದ ಅಳಿಲಿನಿಂದ ಸಿಕ್ಕಿತು.

ಕೀಟದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಮೆಲನೋಫಿಲಾ ಎಂಬ ಜೀರುಂಡೆ ಆಗತಾನೆ ಸುಟ್ಟ ಮರಗಳಲ್ಲಿ ಮೊಟ್ಟೆಯಿಡುತ್ತದೆ. 1925ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾದಲ್ಲಿ ತೈಲ ಸಂಗ್ರಹಾಗಾರಕ್ಕೆ ಬೆಂಕಿ ಬಿದ್ದಾಗ ಇವು ದಂಡುಗಟ್ಟಿ ಬಂದಿದ್ದವು. ನಡುಗಾಲಿನ ಬುಡದ ಪಕ್ಕದ ಗುಳಿಯಲ್ಲಿ ಸುಮಾರು 70 ಸಣ್ಣ ಗೋಳಗಳಿವೆ. ವಿಕಿರಣ ಹೀರಿ ಗೋಳ ಹಿಗ್ಗುತ್ತದೆ, ಹಿಗ್ಗಿದಾಗ ನರದ ತುದಿಯನ್ನು ಒತ್ತುತ್ತದೆ. ಶಾಖವನ್ನು ಒತ್ತಡವಾಗಿಸಿ ಅಳೆಯುವ ಉಪಾಯ ಇದು. ಅದರ ಸೂಕ್ಷ್ಮತೆ 3 ಮೈಕ್ರೋಮೀಟರ್ ತರಂಗದ ಹತ್ತಿರ ಗರಿಷ್ಠ. ವೀನ್ ನಿಯಮದ ಪ್ರಕಾರ 2898ನ್ನು ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿದರೆ ವಸ್ತುವಿನ ವಿಕಿರಣ ಅತಿ ಹೆಚ್ಚಿರುವ ತರಂಗದ ಉದ್ದ ಮೈಕ್ರೋಮೀಟರಿನಲ್ಲಿ ಸಿಗುತ್ತದೆ: 700 ಡಿಗ್ರಿಯ ಕಾಡ್ಗಿಚ್ಚಿಗೆ 3, ನಮ್ಮ ಮೈಗೆ 9.3 ಮೈಕ್ರೋಮೀಟರ್. ಜೀರುಂಡೆಗೆ ಬೆಂಕಿ ಬೇಕು, ಹಾವಿಗೆ ಇಲಿ ಬೇಕು. ಅಂಗ ಅದಕ್ಕೆ ತಕ್ಕಂತಿದೆ.

ಇನ್ನು ಉಪಕರಣ. 1800ರಲ್ಲಿ ವಿಲಿಯಂ ಹರ್ಷೆಲ್ ಬುಡಕ್ಕೆ ಕಪ್ಪು ಬಳಿದ ಥರ್ಮಾಮೀಟರನ್ನು ಕಾಮನಬಿಲ್ಲಿನ ಕೆಂಪಿನಾಚೆ ಇಟ್ಟು ಅವಕೆಂಪನ್ನು ಕಂಡುಹಿಡಿದ. ಪಕ್ಕದಲ್ಲಿ, ಬೆಳಕು ಬೀಳದ ಕಡೆ, ಹೋಲಿಕೆಗಾಗಿ ಬೇರೆ ಥರ್ಮಾಮೀಟರುಗಳನ್ನು ಇಟ್ಟಿದ್ದ ಎಂಬುದೇ ಆ ಪ್ರಯೋಗದ ಜೀವಾಳ. ಸುಮಾರು 1880ರಲ್ಲಿ ಲ್ಯಾಂಗ್ಲಿ ಬೋಲೋಮೀಟರ್ ತಯಾರಿಸಿದ: ಮಸಿ ಬಳಿದ ತೆಳು ಲೋಹದ ಪಟ್ಟಿ ಬಿಸಿಯಾದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಇಂದಿನ ಥರ್ಮಲ್ ಕ್ಯಾಮೆರಾದೊಳಗೆ ಇರುವುದು ಇದೇ ತತ್ವದ ಸಾವಿರಾರು ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್ 12ರಿಂದ 17 ಮೈಕ್ರೋಮೀಟರ್ ಅಗಲದ, ವೆನೇಡಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಲೇಪದ ತಟ್ಟೆ. ತೆಳುವಾದ ಕಾಲುಗಳ ಮೇಲೆ, ಬುಡದಿಂದ ಸುಮಾರು ಎರಡೂವರೆ ಮೈಕ್ರೋಮೀಟರ್ ಎತ್ತರದಲ್ಲಿ, ನಿರ್ವಾತದಲ್ಲಿ ತೂಗುತ್ತಿರುತ್ತದೆ. ಹಾವಿನ ಪೊರೆಯ ಎರಡೂ ಕಡೆ ಗಾಳಿ, ಇಲ್ಲಿ ನಿರ್ವಾತ. ಉದ್ದೇಶ ಒಂದೇ: ಶಾಖ ಸೋರಬಾರದು. ಇಕ್ಕಟ್ಟೂ ಒಂದೇ: ಶಾಖ ಸೋರದಿದ್ದರೆ ಸೂಕ್ಷ್ಮತೆ ಹೆಚ್ಚು, ಆದರೆ ಪಿಕ್ಸೆಲ್ ತಣ್ಣಗಾಗಲು ತಡ. ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ರಾಜಿಯಾಗಿದ್ದಾರೆ. ಓಡುವ ಪ್ರಾಣಿಯ ಕಾಲುಗಳು ಇಂಥ ಕ್ಯಾಮೆರಾದಲ್ಲಿ ಮಸುಕಾಗಿ, ಇರುವುದಕ್ಕಿಂತ ತಣ್ಣಗೆ ಕಾಣುವುದು ಇದರಿಂದಲೇ. ದೃಶ್ಯದಲ್ಲಿ 1 ಡಿಗ್ರಿ ವ್ಯತ್ಯಾಸವಾದರೆ ಪಿಕ್ಸೆಲ್ ಬಿಸಿಯಾಗುವುದು ಕೆಲವೇ ಮಿಲಿಡಿಗ್ರಿ. ಹಾವಿನ ಪೊರೆಯ ಅಂಕಿಯನ್ನು ಕ್ಯಾಮೆರಾದ ವಿವರಪಟ್ಟಿಯ 0.05 ಡಿಗ್ರಿಯ ಪಕ್ಕ ಇಟ್ಟು "ಹಾವೇ ಮೇಲು" ಎನ್ನುವವರು ಇದನ್ನು ಮರೆತಿರುತ್ತಾರೆ. ಒಂದು ಪೊರೆಯ ಅಂಕಿ, ಇನ್ನೊಂದು ದೃಶ್ಯದ ಅಂಕಿ.

ಆ 0.05 ಡಿಗ್ರಿ ಇನ್ನೊಂದು ಮೋಸವನ್ನೂ ಮಾಡುತ್ತದೆ. ಅದು ಪಕ್ಕಪಕ್ಕದ ಎರಡು ಜಾಗಗಳ ವ್ಯತ್ಯಾಸ ಗುರುತಿಸುವ ಶಕ್ತಿ. ನಿಜವಾದ ಉಷ್ಣಾಂಶ ಹೇಳುವ ನಿಖರತೆ ಅದೇ ಪಟ್ಟಿಯ ಕೆಳಸಾಲಿನಲ್ಲಿರುತ್ತದೆ: ಬಹುತೇಕ ಕ್ಯಾಮೆರಾಗಳಲ್ಲಿ ಪ್ಲಸ್ ಅಥವಾ ಮೈನಸ್ 2 ಡಿಗ್ರಿ. ದನಕ್ಕೆ ಜ್ವರವಿದೆಯೇ ಎಂದು ನೋಡಲು 2 ಡಿಗ್ರಿ ದೊಡ್ಡ ತಪ್ಪು. ಎಡ ಕಾಲಿಗೂ ಬಲ ಕಾಲಿಗೂ ವ್ಯತ್ಯಾಸವಿದೆಯೇ ಎಂದು ನೋಡಲು ಅದೇ ಕ್ಯಾಮೆರಾ ಸಾಕು.

ಪ್ರಾಣಿಗಳನ್ನು ಅಳೆಯುವವರು ಎಡವುವುದು ಎಮಿಸಿವಿಟಿಯಲ್ಲಿ. ಒಂದು ಮೇಲ್ಮೈ ಆ ಉಷ್ಣಾಂಶದಲ್ಲಿ ಸೂಸಬಹುದಾದ ಗರಿಷ್ಠ ವಿಕಿರಣದಲ್ಲಿ ಎಷ್ಟು ಪಾಲು ನಿಜವಾಗಿ ಸೂಸುತ್ತದೆ ಎಂಬ ಅಂಕಿ ಅದು. ಉಳಿದ ಪಾಲು ಸುತ್ತಲಿನ ಪ್ರತಿಫಲನ. ಬರಿ ಚರ್ಮಕ್ಕೆ 0.98, ಕೂದಲು ಗರಿಗಳಿಗೆ 0.95ರಿಂದ 0.98, ಹೊಳೆಯುವ ಲೋಹಕ್ಕೆ 0.1. ತಳತಳಿಸುವ ಪಾತ್ರೆಗೆ 60 ಡಿಗ್ರಿಯ ನೀರು ಹಾಕಿ, 25 ಡಿಗ್ರಿಯ ಕೋಣೆಯಲ್ಲಿ, ಎಮಿಸಿವಿಟಿ 1 ಎಂದಿಟ್ಟು ನೋಡಿದರೆ ಕ್ಯಾಮೆರಾ ಸುಮಾರು 29 ಎನ್ನುತ್ತದೆ. ಮುಟ್ಟಿದರೆ ಕೈ ಸುಡುತ್ತದೆ.

ಪ್ರಾಣಿಯ ಮೈಯಲ್ಲಿ ತಪ್ಪು ಇಷ್ಟು ಬಟಾಬಯಲಾಗಿರುವುದಿಲ್ಲ, ಅದಕ್ಕೇ ಅಪಾಯ. 37 ಡಿಗ್ರಿಯ ಮೇಲ್ಮೈ, ನಿಜವಾದ ಎಮಿಸಿವಿಟಿ 0.95, ಕ್ಯಾಮೆರಾದಲ್ಲಿ 1 ಎಂದಿಟ್ಟಿದ್ದೀರಿ. ಸುತ್ತಲಿನ ಗೋಡೆ 25 ಡಿಗ್ರಿ ಇದ್ದರೆ ಸ್ಥೂಲ ಲೆಕ್ಕದಲ್ಲಿ 0.6 ಡಿಗ್ರಿ ಕಡಿಮೆ ತೋರಿಸುತ್ತದೆ. ಅದೇ ಪ್ರಾಣಿ ಬಯಲಿನಲ್ಲಿ ನಿಂತಿದೆ, ಮೇಲೆ ಮೋಡವಿಲ್ಲದ ರಾತ್ರಿಯ ಆಕಾಶ. ಆಕಾಶ ಅವಕೆಂಪಿನಲ್ಲಿ ಮೈನಸ್ 20ರಷ್ಟು ತಣ್ಣಗೆ ಕಂಡರೆ ತಪ್ಪು 2.2 ಡಿಗ್ರಿಗೆ ಏರುತ್ತದೆ. ಕೊಟ್ಟಿಗೆಯಲ್ಲಿ ತೆಗೆದ ಚಿತ್ರವನ್ನೂ ಬಯಲಿನಲ್ಲಿ ತೆಗೆದ ಚಿತ್ರವನ್ನೂ ಹೋಲಿಸಿ "ಬಯಲಿನ ದನ ತಣ್ಣಗಿದೆ" ಎಂದು ಬರೆದರೆ, ಅಳೆದದ್ದು ಆಕಾಶವನ್ನು.

ಹಾಗಾಗಿ ಕ್ರಮ ಹೀಗಿರಲಿ. ಕ್ಯಾಮೆರಾ ಆನ್ ಮಾಡಿ 15-20 ನಿಮಿಷ ಬಿಡಿ, ಒಳಗಿನ ಭಾಗಗಳು ಒಂದು ಉಷ್ಣಾಂಶಕ್ಕೆ ಬರಲಿ. ಆಗಾಗ "ಟಿಕ್" ಎನ್ನುವುದು ಒಳಗಿನ ಶಟರ್ ಮುಚ್ಚಿ ಪಿಕ್ಸೆಲ್‌ಗಳನ್ನು ಸಮ ಮಾಡುವ ಸದ್ದು. ಅದಾದ ಕೂಡಲೇ ತೆಗೆದ ಚಿತ್ರ ಹೆಚ್ಚು ನಂಬಲರ್ಹ. ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಮುದ್ದೆ ಮಾಡಿ, ಬಿಡಿಸಿ, ರಟ್ಟಿಗೆ ಅಂಟಿಸಿ, ಪ್ರಾಣಿ ನಿಲ್ಲುವ ಜಾಗದಲ್ಲೇ ಪ್ರಾಣಿಯ ಮೈಯ ಕೋನದಲ್ಲೇ ಹಿಡಿಯಿರಿ. ಎಮಿಸಿವಿಟಿ 1, ದೂರ ಸೊನ್ನೆ ಎಂದಿಟ್ಟು ಅದರ ಸರಾಸರಿ ಓದಿ. ಅದೇ ನಿಮ್ಮ ಪ್ರತಿಫಲಿತ ಉಷ್ಣಾಂಶ. ಆಮೇಲೆ ಎಮಿಸಿವಿಟಿಯನ್ನು ಸರಿಯಾದ ಅಂಕಿಗೆ ತಂದು, ಪ್ರತಿಫಲಿತ ಉಷ್ಣಾಂಶ, ಗಾಳಿಯ ಉಷ್ಣಾಂಶ, ತೇವಾಂಶ, ದೂರಗಳನ್ನು ತುಂಬಿ. ದೂರವನ್ನು ಟೇಪಿನಿಂದ ಅಳೆಯಿರಿ, ಅಂದಾಜು ಬೇಡ. ಮೇಲ್ಮೈಗೆ ಆದಷ್ಟು ನೇರವಾಗಿ ನಿಂತು ತೆಗೆಯಿರಿ. 60 ಡಿಗ್ರಿಗಿಂತ ಓರೆಯಾದರೆ ಎಮಿಸಿವಿಟಿ ಇಳಿಯತೊಡಗುತ್ತದೆ. ದುಂಡು ಮೈಯ ಅಂಚುಗಳು ತಣ್ಣಗೆ ಕಾಣುವುದಕ್ಕೆ ಅದೂ ಒಂದು ಕಾರಣ.

ದೂರ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. 12 ಮೈಕ್ರೋಮೀಟರ್ ಪಿಕ್ಸೆಲ್, 9 ಮಿಲಿಮೀಟರ್ ಮಸೂರವಿದ್ದರೆ 10 ಮೀಟರಿನಲ್ಲಿ ಒಂದು ಪಿಕ್ಸೆಲ್ 13 ಮಿಲಿಮೀಟರ್ ಜಾಗ ನೋಡುತ್ತದೆ. ನಂಬುವ ಅಳತೆಗೆ ಕನಿಷ್ಠ ಮೂರು ಬೈ ಮೂರು ಪಿಕ್ಸೆಲ್ ಬೇಕು, ಅಂದರೆ 40 ಮಿಲಿಮೀಟರ್. ದನದ ಕಣ್ಣಿನ ಮೂಲೆಯನ್ನು 10 ಮೀಟರಿನಿಂದ ಅಳೆದೆ ಎಂದರೆ ಅಳತೆಯಲ್ಲಿ ಕಣ್ಣು, ರೆಪ್ಪೆ, ಕೂದಲು ಎಲ್ಲ ಬೆರೆತಿವೆ. ಒಂದು ಮೀಟರಿಗೆ ಬನ್ನಿ, 4 ಮಿಲಿಮೀಟರ್ ಸಿಗುತ್ತದೆ.

ಒದ್ದೆ ಕೂದಲು ಆವಿಯಾಗುತ್ತ ತಣ್ಣಗಿರುತ್ತದೆ. ಬಿಸಿಲಿನಲ್ಲಿದ್ದ ಕರಿ ಎಮ್ಮೆಯ ಬೆನ್ನು ತೋರಿಸುವುದು ಬಿಸಿಲನ್ನು. ದಪ್ಪ ಉಣ್ಣೆಯ ಕುರಿಯ ಹೊರಮೈ ಹೆಚ್ಚುಕಡಿಮೆ ಗಾಳಿಯ ಉಷ್ಣಾಂಶ ಹೇಳುತ್ತದೆ. ಪರದೆಯ ಬಣ್ಣವನ್ನಂತೂ ನಂಬಲೇಬೇಡಿ. ಕ್ಯಾಮೆರಾ ತಾನಾಗಿ ಅಳತೆಪಟ್ಟಿ ಹೊಂದಿಸಿಕೊಳ್ಳುವಾಗ 28 ಡಿಗ್ರಿಯೂ ಕೆಂಪಾಗುತ್ತದೆ, 40 ಡಿಗ್ರಿಯೂ ನೀಲಿಯಾಗುತ್ತದೆ. ಪಟ್ಟಿಯನ್ನು ಕೈಯಾರೆ ಒಂದೇ ಮಿತಿಗೆ ಕಟ್ಟಿಹಾಕಿ, ಉಷ್ಣಾಂಶದ ಮೂಲದತ್ತಾಂಶವಿರುವ ಕಡತವನ್ನೇ ಉಳಿಸಿಕೊಳ್ಳಿ. ಬರಿ ಬಣ್ಣದ ಚಿತ್ರ ಉಳಿಸಿದರೆ ಆಮೇಲೆ ತಿದ್ದಲು ಏನೂ ಇರುವುದಿಲ್ಲ.

ಸಭಿಕರ ಪ್ರಶ್ನೆಗಳು

*ಮಲೆನಾಡಿನ ತೋಟದಲ್ಲಿ ರಾತ್ರಿ ಥರ್ಮಲ್ ಕ್ಯಾಮೆರಾ ಹಿಡಿದು ಹಾವು ಹುಡುಕಬಹುದೇ?*

ಹಾವು ಶೀತರಕ್ತ ಪ್ರಾಣಿ. ಎಲೆಗಳ ಉಷ್ಣಾಂಶವೇ ಅದರ ಮೈಯದೂ ಆಗಿದ್ದರೆ ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಬಿಸಿಯಾದ ಕಲ್ಲಿನಿಂದ ಆಗತಾನೆ ಸರಿದು ಬಂದಿದ್ದರೆ ಕಂಡೀತು. ಟಾರ್ಚು, ಗಮ್‌ಬೂಟುಗಳೇ ವಾಸಿ. ಗೂನು ಮೂಗಿನ ಗುಳಿ ಮಂಡಲದ ವಿಷಕ್ಕೆ ನಮ್ಮಲ್ಲಿ ಸಿಗುವ ನಾಲ್ಕು ಹಾವುಗಳ ಪ್ರತಿವಿಷ ತಯಾರಾದದ್ದಲ್ಲ. ಕಚ್ಚಿಸಿಕೊಳ್ಳದಿರುವುದೇ ಉಪಾಯ, ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ.

*ಸೊಳ್ಳೆಗೂ ಈ ಶಕ್ತಿ ಇದೆಯೇ?*

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಅವಕೆಂಪನ್ನು ಬಳಸುತ್ತದೆ ಎಂದು 2024ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಸಂಶೋಧಕರು ತೋರಿಸಿದರು. ಬರಿ ಶಾಖಕ್ಕೆ ಅದು ಬರಲಿಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈವಾಸನೆ ಇದ್ದಾಗ, ಚರ್ಮದ ಉಷ್ಣಾಂಶದ 34 ಡಿಗ್ರಿಯ ವಿಕಿರಣ ಸೇರಿದರೆ ಹುಡುಕಾಟ ಎರಡು ಪಟ್ಟಾಯಿತು. ಪರಿಣಾಮ ಸುಮಾರು 70 ಸೆಂಟಿಮೀಟರ್‌ವರೆಗೆ. ಗ್ರಾಹಕಗಳಿರುವುದು ಮೀಸೆಯ ತುದಿಯಲ್ಲಿ, ಅಲ್ಲೂ ಟಿಆರ್‌ಪಿಎ1 ಪಾತ್ರವಿದೆ. ಮೈಗಂಟಿದ ಬಟ್ಟೆ ಚರ್ಮದಷ್ಟೇ ಬಿಸಿಯಾಗುತ್ತದೆ, ಸಡಿಲ ಬಟ್ಟೆಯ ಹೊರಮೈ ತಣ್ಣಗಿರುತ್ತದೆ.

*ದುಬಾರಿ ಕ್ಯಾಮೆರಾ ಕೊಳ್ಳಲಾಗದ ಕಾಲೇಜಿನವರು ಏನು ಮಾಡಬೇಕು?*

ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಸಾಕು, ಜೊತೆಗೊಂದು ಆಧಾರಬಿಂದು ಇಟ್ಟುಕೊಳ್ಳಿ. ಅಗಲ ಬಾಯಿಯ ಥರ್ಮಾಸ್ ಡಬ್ಬಿಗೆ ಪ್ರಾಣಿಯ ಮೈಯಷ್ಟು ಬಿಸಿಯ ನೀರು ತುಂಬಿ, ನೀರಿನ ಮೇಲ್ಮೈಗೆ ತಾಗುವಂತೆ ತೆಳುವಾದ ತಾಮ್ರದ ತಗಡನ್ನು ಕೂರಿಸಿ. ತಗಡಿನ ಹೊರಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿರಬೇಕು, ಅಥವಾ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿರಬೇಕು. ಎರಡರ ಎಮಿಸಿವಿಟಿಯೂ 0.95ರ ಆಸುಪಾಸು. ತಗಡಿನ ಕೆಳಗೆ ನಂಬಲರ್ಹ ಡಿಜಿಟಲ್ ಥರ್ಮಾಮೀಟರಿನ ಮೊನೆ ಇರಲಿ. ಈ ಡಬ್ಬಿಯನ್ನು ಪ್ರತಿ ಚಿತ್ರದಲ್ಲೂ ಪ್ರಾಣಿಯ ಪಕ್ಕದಲ್ಲೇ, ಅದೇ ದೂರದಲ್ಲಿ, ಚೌಕಟ್ಟಿನೊಳಗೆ ಬರುವಂತೆ ಇಡಿ. ಥರ್ಮಾಮೀಟರ್ 37.2 ಎಂದು, ಕ್ಯಾಮೆರಾ 35.9 ಎಂದು ತೋರಿಸಿದರೆ ಆ ಚಿತ್ರದ ಪ್ರಾಣಿಯ ಅಂಕಿಗೂ 1.3 ಸೇರಿಸಿ. ಕ್ಯಾಮೆರಾದ 2 ಡಿಗ್ರಿ ತಪ್ಪಿನ ಬಹುಪಾಲು ಇಷ್ಟರಲ್ಲೇ ಹೋಗುತ್ತದೆ. ನೀರನ್ನು ಹತ್ತು ನಿಮಿಷಕ್ಕೊಮ್ಮೆ ಕಲಕಿ, ಇಲ್ಲದಿದ್ದರೆ ಮೇಲಿನ ಪದರ ಒಂದು ಉಷ್ಣಾಂಶ, ಮೊನೆ ಇರುವ ಪದರ ಇನ್ನೊಂದು ಉಷ್ಣಾಂಶ ತೋರಿಸುತ್ತವೆ.